ಹಳೇ ರೇಸ್ ದಾರಿ ಹುಡುಕೋದು ಹೇಗೆ? ಮೊದಲು ವರ್ಷ, ಆಮೇಲೆ ಮ್ಯಾಪ್

ರೇಸ್ ಟ್ರ್ಯಾಕ್ ಅಂದ ತಕ್ಷಣ ನಮಗೆ ನೆನಪಾಗುವುದು ಕಾಂಪೌಂಡ್ ಹಾಕಿದ ಜಾಗ. ಇಲ್ಲವಾದರೆ ಮದ್ರಾಸಿನ ಹತ್ತಿರದ ಶೋಳಾವರಂ ತರಹದ ಹಳೇ ಏರ್‌ಸ್ಟ್ರಿಪ್. ಯುರೋಪಿನಲ್ಲಿ ಎಷ್ಟೋ ರೇಸ್‌ಗಳು ನಡೆದದ್ದು ಊರಿಂದೂರಿಗೆ ಹೋಗುವ ಮಾಮೂಲಿ ರಸ್ತೆಯಲ್ಲಿ. ರೇಸ್ ಇದ್ದಾಗ ಬಂದ್ ಮಾಡುವುದು, ಮುಗಿದ ಮೇಲೆ ಟ್ರ್ಯಾಕ್ಟರು, ಸೈಕಲ್ಲುಗಳಿಗೆ ವಾಪಸ್ ಬಿಡುವುದು. ಆ ರಸ್ತೆಗಳಲ್ಲಿ ಎಷ್ಟೋ ಈಗಲೂ ಇವೆ. ಆನ್‌ಸೈಟ್ ಅಂತ ಆ ಕಡೆ ಹೋಗುವವರಿಗೂ ಸರಿ, ಭಾನುವಾರ ಮಳೆ ಹಿಡಿದು ಜಯನಗರದ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತವರಿಗೂ ಸರಿ, ಇವನ್ನು ಹುಡುಕೋದು ಒಳ್ಳೇ ಹುಚ್ಚು.

ಶುರು ಮಾಡೋದಕ್ಕೆ ಫ್ರಾನ್ಸಿನ ರೀಮ್ಸ್ ಸರ್ಕ್ಯೂಟ್ ಹಿಡಿಯಿರಿ. ರೀಮ್ಸ್ ಪಟ್ಟಣದ ಪಶ್ಚಿಮಕ್ಕೆ, ಗ್ಯೂ ಮತ್ತು ತಿಲ್ವಾ ಅನ್ನುವ ಎರಡು ಹಳ್ಳಿಗಳ ನಡುವೆ, ಹೆಚ್ಚುಕಮ್ಮಿ ತ್ರಿಕೋನ. 1926ರಲ್ಲಿ ಇಲ್ಲಿ ರೇಸ್ ಶುರುವಾಯಿತು. ಫಾರ್ಮುಲಾ ಒನ್ ಕಾರುಗಳು ಕೊನೇ ಸಲ ಬಂದದ್ದು 1966ರಲ್ಲಿ. ಆ ರೇಸನ್ನು ಜ್ಯಾಕ್ ಬ್ರ್ಯಾಭಮ್ ತನ್ನದೇ ಹೆಸರಿನ ಕಾರಿನಲ್ಲಿ ಗೆದ್ದ.

ಹೆಚ್ಚಿನವರು ಮಾಡುವುದೇನು ಅಂದರೆ, ಎಲ್ಲೋ ಸಿಕ್ಕ ಒಂದು ಚಿತ್ರ ನೋಡಿ ನೇರ ಮ್ಯಾಪ್ ಮೇಲೆ ಗೆರೆ ಎಳೆಯಲು ಕೂರುತ್ತಾರೆ. ಬೇಡ. ಮೊದಲು ಯಾವ ವರ್ಷದ ದಾರಿ ಬೇಕು ಅಂತ ತೀರ್ಮಾನ ಮಾಡಿ. 1951ರಲ್ಲಿ ಅರ್ಜೆಂಟೀನಾದ ರೇಸ್ ಡ್ರೈವರ್ ಫ್ಯಾಂಜಿಯೊ ಗೆದ್ದಾಗ ಕಾರುಗಳು ಗ್ಯೂ ಹಳ್ಳಿಯ ಒಳಗೇ ನುಗ್ಗಿ, ಮನೆಗಳ ಮಧ್ಯೆ ಬಲಕ್ಕೆ ತಿರುಗುತ್ತಿದ್ದವು. 1952ರಲ್ಲಿ ಹಳ್ಳಿಯನ್ನು ಬಿಟ್ಟು ಹೊಸ ರಸ್ತೆ ಮಾಡಿದರು, ಆಮೇಲೆ ಅದನ್ನು ಮ್ವೀಜಾನ್ ಅನ್ನುವ ಇನ್ನೊಂದು ಹಳ್ಳಿಯ ಕಡೆಗೆ ಉದ್ದ ಮಾಡಿದರು. 1961ರಲ್ಲಿ ಬಗೆಟ್ಟಿ ಅನ್ನುವ ಹೊಸ ಹುಡುಗ ತನ್ನ ಮೊದಲ ಚಾಂಪಿಯನ್‌ಶಿಪ್ ರೇಸನ್ನೇ ಗೆದ್ದದ್ದು ಆ ಹೊಸ ದಾರಿಯಲ್ಲಿ. ಹೆಸರು ಒಂದೇ, ದಾರಿ ಬೇರೆ ಬೇರೆ. ಎರಡನ್ನೂ ಸೇರಿಸಿ ಒಂದೇ ಗೆರೆ ಎಳೆದರೆ ಯಾರೂ ಯಾವತ್ತೂ ಓಡಿಸದ ಸರ್ಕ್ಯೂಟ್ ಒಂದು ಸಿದ್ಧವಾಗುತ್ತೆ, ಅಷ್ಟೇ.

ವರ್ಷ ಗೊತ್ತಾದರೆ ಉದ್ದವೂ ಗೊತ್ತಾಗುತ್ತೆ. ಹಳ್ಳಿಯೊಳಗಿನ ದಾರಿ ಸುಮಾರು 7.8 ಕಿಲೋಮೀಟರ್, ಮ್ವೀಜಾನ್ ಕಡೆಯದು ಸುಮಾರು 8.3. ಇದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ, ನಿಮ್ಮ ಕೆಲಸ ಸರಿಯೋ ತಪ್ಪೋ ಹೇಳೋದು ಅದೇ.

ಈಗ ಹಳೇ ಏರಿಯಲ್ ಫೋಟೋ. ಫ್ರಾನ್ಸಿನ ಸರ್ಕಾರಿ ನಕ್ಷೆ ಇಲಾಖೆ ಐಜಿಎನ್ ಇವನ್ನೆಲ್ಲ ಪುಕ್ಕಟೆ ಆನ್‌ಲೈನ್ ಇಟ್ಟಿದೆ. ಎಡಕ್ಕೆ 1950ರಿಂದ 1965ರವರೆಗಿನ ಫೋಟೋ, ಬಲಕ್ಕೆ ಇವತ್ತಿನದು ಇಟ್ಟು ಒಟ್ಟಿಗೇ ಸರಿಸಬಹುದು. ಇಲ್ಲಿ ಆತುರ ಬೇಡ. ಹೈವೇ ಅಗಲ ಮಾಡುವಾಗ ಮೊದಲು ಹೋಗುವುದೇ ತಿರುವುಗಳು, ಆದ್ದರಿಂದ ಮ್ವೀಜಾನ್ ತುದಿ ಮತ್ತು ತಿಲ್ವಾ ತಿರುವನ್ನು ಹಳೇ ಫೋಟೋದಲ್ಲೇ ಮೊದಲು ಗುರುತಿಸಿಕೊಳ್ಳಿ. ರಸ್ತೆ ಕಿತ್ತುಹೋದರೂ ಗುರುತು ಪೂರ್ತಿ ಹೋಗಲ್ಲ. ಚೌಕಾಕಾರದ ಹೊಲಗಳ ಮಧ್ಯೆ ಒಂದು ಬದು ಮಾತ್ರ ಸುಮ್ನೆ ಬಿಲ್ಲಿನ ಹಾಗೆ ಬಾಗಿದ್ದರೆ, ಅಥವಾ ಗೋಧಿ ಬೆಳೆಯಲ್ಲಿ ಒಂದು ಪಟ್ಟಿ ಮಾತ್ರ ಪೇಲವವಾಗಿದ್ದರೆ, ಅಲ್ಲಿ ಅನುಮಾನ ಪಡಿ.

ರಸ್ತೆ ನಂಬರ್ ನಂಬಿ ಕೂರಬೇಡಿ. ನಮ್ಮಲ್ಲಿ ಬೋರ್ಡ್ ಮೇಲೆ ಕೆ.ಎಚ್. ರೋಡ್, ಆಟೋದವರ ಬಾಯಲ್ಲಿ ಡಬಲ್ ರೋಡ್ ಅಲ್ವಾ, ಹಾಗೆ. ಫ್ರಾನ್ಸಿನಲ್ಲಿ 1970ರ ದಶಕದಲ್ಲೂ 2006ರ ನಂತರವೂ ಎಷ್ಟೋ ‘ಎನ್’ ರಸ್ತೆಗಳು, ಅಂದರೆ ರಾಷ್ಟ್ರೀಯ ಹೆದ್ದಾರಿಗಳು, ‘ಡಿ’ ರಸ್ತೆಗಳಾದವು, ಅಂದರೆ ಜಿಲ್ಲಾ ರಸ್ತೆಗಳು. ರೀಮ್ಸ್ ವಿಷಯದಲ್ಲಿ ಅದೃಷ್ಟ ಚೆನ್ನಾಗಿದೆ, ಉದ್ದನೆಯ ನೇರ ರಸ್ತೆ ಈಗಲೂ ಎನ್ 31. ಪಿಟ್, ಅಂದರೆ ರೇಸಿನ ಮಧ್ಯೆ ಕಾರು ನಿಲ್ಲಿಸಿ ರಿಪೇರಿ ಮಾಡುವ, ಪೆಟ್ರೋಲ್ ಹಾಕುವ ಜಾಗ, ಇರುವುದು ಡಿ 27ರಲ್ಲಿ.

ಗೆರೆ ಎಳೆಯೋಕೆ ಕಂಪ್ಯೂಟರಿನ ಗೂಗಲ್ ಅರ್ಥ್ ಪ್ರೊ ಸಾಕು, ದುಡ್ಡು ಕೊಡಬೇಕಿಲ್ಲ. ರೂಲರ್‌ನಲ್ಲಿ ‘ಪಾತ್’ ತಗೊಂಡು ರಸ್ತೆಯ ಮಧ್ಯಕ್ಕೆ ಚುಕ್ಕಿ ಇಡುತ್ತಾ ಹೋಗಿ. ನೇರ ರಸ್ತೆಗೆ ಎರಡು ಚುಕ್ಕಿ ಆಯಿತು, ತಿರುವಿನಲ್ಲಿ ಒತ್ತೊತ್ತಾಗಿ ಇಡಿ. ಸುತ್ತು ಪೂರ್ತಿ ಆದಮೇಲೆ ಚೀಟಿ ತೆಗೆದು ಉದ್ದ ತಾಳೆ ನೋಡಿ. ಐವತ್ತು ನೂರು ಮೀಟರ್ ಹೆಚ್ಚುಕಮ್ಮಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಕಿಲೋಮೀಟರ್ ವ್ಯತ್ಯಾಸ ಬಂದರೆ ನೀವು ಬೇರೆ ವರ್ಷದ ದಾರಿಗೆ ನುಗ್ಗಿದ್ದೀರಿ.

ಇನ್ನೂ ಅನುಮಾನ ಇದ್ದರೆ ರೇಸಿನ ಹಳೇ ಫೋಟೋ ತೆಗೆಯಿರಿ. ಮರ ನೋಡಬೇಡಿ, ಮರ ಕಡಿದಿರುತ್ತಾರೆ. ಕಂಬವೂ ಬೇಡ. ದೂರದ ದಿಬ್ಬದ ಅಂಚು, ಚರ್ಚಿನ ಗೋಪುರ, ನೆರಳು ಬಿದ್ದ ದಿಕ್ಕು, ಇವು ಮೋಸ ಮಾಡಲ್ಲ. ಆಮೇಲೆ ಸ್ಟ್ರೀಟ್ ವ್ಯೂನಲ್ಲಿ ಅದೇ ದಿಕ್ಕಿಗೆ ತಿರುಗಿ ನಿಲ್ಲಿ. ಕಾರುಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡುತ್ತಿದ್ದವು ಅನ್ನೋದು ನೆನಪಿರಲಿ, ಇಲ್ಲದಿದ್ದರೆ ಎಲ್ಲ ಉಲ್ಟಾ ಕಾಣುತ್ತೆ. ತಿಲ್ವಾದಿಂದ ಗ್ಯೂ ಕಡೆ ಹೋದರೆ ಬಲಕ್ಕೆ ಪಿಟ್‌ಗಳ ಉದ್ದನೆಯ ಸಾಲು, ಎಡಕ್ಕೆ ಪ್ರೇಕ್ಷಕರ ಸ್ಟ್ಯಾಂಡ್. ನಡುವೆ ಮಾಮೂಲಿ ಹಳ್ಳಿ ರಸ್ತೆ. ಗೋಡೆ ಮೇಲಿನ ಹಳೇ ಜಾಹೀರಾತುಗಳನ್ನು ಅಲ್ಲಿಯ ಅಭಿಮಾನಿಗಳೇ ಮತ್ತೆ ಬಣ್ಣ ಹಚ್ಚಿ ಉಳಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಸುತ್ತಿನಲ್ಲಿ ಇದಕ್ಕಿಂತ ಚೆಂದದ ಜಾಗ ಇಲ್ಲ.

ಹೋಗುವವರು ಗೆರೆಯನ್ನು ಕೆಎಂಎಲ್ ಫೈಲ್ (ಮ್ಯಾಪ್ ಆ್ಯಪ್‌ಗಳು ಓದುವ ಫೈಲ್) ಮಾಡಿ ಫೋನಿಗೆ ಹಾಕಿಕೊಳ್ಳಿ. ಕಾರು ಬಾಡಿಗೆಗೆ ತಗೊಳ್ಳೋದಾದರೆ ಹೊರಡುವ ಮುಂಚೆ ಇಲ್ಲಿಯ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತೆ. ಅಲ್ಲಿ ಓಡಿಸೋದು ಬಲಗಡೆ. ಕಾರು ನಿಲ್ಲಿಸಿ ಫೋಟೋ ತೆಗೆಯೋದೆಲ್ಲ ಡಿ 27ರಲ್ಲೇ ಮುಗಿಸಿ. ಎನ್ 31ರಲ್ಲಿ ಲಾರಿಗಳು ಜೋರಾಗಿ ಬರುತ್ತವೆ, ಅಲ್ಲಿ ಇಳಿಯಬೇಡಿ. ಬಿತ್ತಿದ ಹೊಲದೊಳಕ್ಕೆ ಕಾಲಿಡಬೇಡಿ, ತಿರುವಿನ ಗುರುತು ಬದುವಿನಿಂದಲೇ ಕಾಣುತ್ತೆ.

ಇದು ಕೈಗೆ ಹತ್ತಿದ ಮೇಲೆ ಇಟಲಿಯ ಪೆಸ್ಕಾರಾಗೆ ಕೈ ಹಾಕಿ. ಸುತ್ತಿಗೆ ಸುಮಾರು 25.8 ಕಿಲೋಮೀಟರ್. ಸಮುದ್ರದ ಪಕ್ಕದ ನೇರ ರಸ್ತೆಯಿಂದ ಶುರು ಮಾಡಿ, ಬೆಟ್ಟದ ಹಳ್ಳಿಗಳ ಕಡೆಗೆ ಆಮೇಲೆ ಹತ್ತಿ.