ನಿಂತಲ್ಲೇ ಟ್ರ್ಯಾಕ್ಟರ್ ಬ್ಯಾಟರಿ ಇಳಿಯುತ್ತಿದೆಯಾ? ಹೀಗೆ ಹುಡುಕಿ

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿ ಕಡೆ ಎಷ್ಟೋ ಟ್ರ್ಯಾಕ್ಟರ್‌ಗಳು ಅಂಗಳದಲ್ಲಿ ಸುಮ್ನೆ ನಿಲ್ಲುತ್ತವೆ. ವಾರ ಬಿಟ್ಟು ಕೀಲಿ ತಿರುವಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಬ್ಯಾಟರಿ ಹೋಯಿತು ಎಂದುಕೊಂಡು ಹೊಸದು ತಂದು ಕೂರಿಸುತ್ತಾರೆ. ಕರೆಂಟ್ ಸೋರಿಕೆ ವೈರಿನಲ್ಲಿದ್ದರೆ ಆ ಹೊಸದೂ ಇಳಿದುಹೋಗುತ್ತದೆ. ಹಣ ಖರ್ಚು ಮಾಡುವ ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಆಂಪಿಯರ್ ಅಳೆಯುವ ಮೀಟರ್), ಒಂದು ಪಾನಾ ಹಿಡಿದು ಕೂತುಕೊಳ್ಳಿ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ತೆಗೆಯಬೇಕು. ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಮೈನಸ್ ಇದ್ದಂತೆಯೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಟ್ರ್ಯಾಕ್ಟರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಉರಿಯುವ ಗ್ಯಾಸ್ ಬರುತ್ತದೆ, ಹತ್ತಿರ ಬೀಡಿ ಬೇಡವೇ ಬೇಡ. ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆಯಿರಿ, ಆ ನೀರು ಸೆಲ್ ಒಳಗೆ ಹೋಗಬಾರದು. ಅರ್ಥ್ (ಮೈನಸ್) ಕೇಬಲ್ ಟ್ರ್ಯಾಕ್ಟರ್ ಬಾಡಿಗೆ ಸೇರುವ ಜಾಗವನ್ನೂ ಬಿಚ್ಚಿ, ಎರೆ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಸೆಲ್‌ಗಳ ನೀರು ಬೇಗ ಒಣಗುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಹಾಕಬೇಡಿ.

ಆಮೇಲೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಮೇಲೆ ಬಂದರೆ ಭರ್ತಿ. 12.2 ಅಂದರೆ ಸುಮಾರು ಅರ್ಧ. ಯಾವ ವೈರೂ ಇಲ್ಲದೆ ಬಿಡಿಯಾಗಿ ಇಟ್ಟರೂ ಎರಡು ದಿನಕ್ಕೆ 12ಕ್ಕಿಂತ ಕೆಳಗೆ ಬಂದರೆ ಬ್ಯಾಟರಿಯೇ ಮುಗಿದಿದೆ.

ಬ್ಯಾಟರಿ ಗಟ್ಟಿಯಿದ್ದರೆ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಎಕ್ಸಲರೇಟರ್ ಕೊಟ್ಟು ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಸರಿಯಾಗಿದೆ. 12ರ ಆಸುಪಾಸಿನಲ್ಲೇ ನಿಂತರೆ ಫ್ಯಾನ್ ಬೆಲ್ಟ್, ಕನೆಕ್ಷನ್, ಕೊನೆಗೆ ಡೈನಮೋ ನೋಡಿ. 15 ದಾಟಿದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ನೀರನ್ನು ಕುದಿಸುತ್ತಿದೆ. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಬಲ್ಬನ್ನೂ ಮರೆಯಬೇಡಿ. ಅನೇಕ ಗಾಡಿಗಳಲ್ಲಿ ಡೈನಮೋಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಅದು ಸುಟ್ಟಿದ್ದರೆ ಒಳ್ಳೆಯ ಡೈನಮೋ ಕೂಡ ಚಾರ್ಜ್ ಮಾಡದೆ ಕೂರಬಹುದು.

ಇನ್ನೊಂದು ಮಾತು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ತೆಗೆದು ಡೈನಮೋ ಪರೀಕ್ಷೆ ಮಾಡುವ ರೂಢಿಯನ್ನು ದಯವಿಟ್ಟು ಬಿಡಿ. ಆ ಕ್ಷಣ ವೋಲ್ಟೇಜ್ ಒಮ್ಮೆಲೇ ಏರಿ ಡೈನಮೋದ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ರೆಗ್ಯುಲೇಟರ್ ಸುಟ್ಟುಹೋಗಬಹುದು. ಅಳೆಯಲು ಮೀಟರ್ ಇದೆಯಲ್ವಾ!

ಚಾರ್ಜಿಂಗ್ ಸರಿಯಿದ್ದೂ ನಿಂತಲ್ಲೇ ಇಳಿಯುತ್ತಿದ್ದರೆ ಸೋರಿಕೆ ಹುಡುಕಬೇಕು. ಎಂಜಿನ್ ಬಂದ್, ಕೀಲಿ ಹೊರಗೆ, ಲೈಟ್ ಎಲ್ಲ ಆಫ್. ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನೂ ಡಿಸಿ ಆಂಪಿಯರ್‌ಗೆ ತಿರುಗಿಸಿ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮೀಟರ್ ಸೇರಿಸಿ. ಹೀಗಿರುವಾಗ ಸೆಲ್ಫ್ ಹೊಡೆಯಲೇಬಾರದು, ಲೈಟ್, ಹಾರ್ನ್ ಕೂಡ ಬೇಡ. ಮೀಟರ್‌ನ ಫ್ಯೂಸ್ ಹೋಗುತ್ತದೆ.

ಸಾದಾ ಟ್ರ್ಯಾಕ್ಟರ್‌ನಲ್ಲಿ ರೀಡಿಂಗ್ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಹಾಡಿನ ಟೇಪ್, ಜಿಪಿಎಸ್ ಇದ್ದರೆ 0.05 ಆಂಪಿಯರ್‌ವರೆಗೆ ಚಿಂತೆಯಿಲ್ಲ. 0.5 ಬಂತು ಅನ್ನಿ. ದಿನದ 24 ಗಂಟೆಗೆ 12 ಆಂಪಿಯರ್ ಅವರ್ (ಆಂಪಿಯರ್ × ಗಂಟೆ) ಸೋರುತ್ತಿದೆ, 80 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನದಲ್ಲಿ ಅರ್ಧಕ್ಕಿಂತ ಕೆಳಗೆ.

ಈಗ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ರೀಡಿಂಗ್ ಇಳಿಯಿತೋ ತಪ್ಪು ಆ ಲೈನಿನಲ್ಲಿದೆ. ಗಾಡಿ ಕೊಂಡ ಮೇಲೆ ಹಾಕಿಸಿದ ಎಲ್‌ಇಡಿ ಲೈಟ್, ಸ್ಪೀಕರ್‌ಗಳ ವೈರನ್ನು ಕೆಲವರು ಫ್ಯೂಸ್ ದಾಟಿಸಿ ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ, ಅವನ್ನು ಬೇರೆಯಾಗಿ ಬಿಚ್ಚಿ ನೋಡಿ. ಯಾವುದಕ್ಕೂ ಇಳಿಯದಿದ್ದರೆ ಮೀಟರ್ ತೆಗೆದು, ಮೈನಸ್ ಬಿಚ್ಚಿದಂತೆಯೇ ಇಟ್ಟು ಡೈನಮೋದ ದಪ್ಪ ವೈರ್ ಬಿಚ್ಚಿ. ಅದರ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಈಗ ಸೊನ್ನೆಗೆ ಬಂದರೆ ಡೈನಮೋದ ಡಯೋಡ್ ಹೋಗಿದೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ ಡೈನಮೋ ವೈರ್ ಬಿಚ್ಚುವ ಮೊದಲಿನ, ಬಿಚ್ಚಿದ ಮೇಲಿನ ಎರಡೂ ರೀಡಿಂಗ್ ಚೀಟಿಯಲ್ಲಿ ಬರೆದು ಕೊಡಿ. ಡಯೋಡ್ ಬದಲಿಸಿದ ಮೇಲೆ ಅವರ ಮುಂದೆಯೇ ಇನ್ನೊಮ್ಮೆ ಅಳೆಸಿ.