ಸೇನೆಯ ಹಳೆಯ ಟ್ರೇಲರ್ ಅನ್ನು ಪಿಕಪ್‌ಗೆ ಕಟ್ಟಿ ಎಳೆಯುವುದು ಹೇಗೆ?

ಅಮೆರಿಕದ ಸೇನೆ ತನ್ನ ಬಳಕೆ ಮುಗಿದ ವಾಹನಗಳನ್ನೂ ಸಲಕರಣೆಗಳನ್ನೂ ಹರಾಜಿನ ಮೂಲಕ ಸಾರ್ವಜನಿಕರಿಗೆ ಮಾರುತ್ತದೆ. ಅವುಗಳಲ್ಲಿ ಸಾಮಾನ್ಯ ಕುಟುಂಬವೊಂದಕ್ಕೆ ನಿಜಕ್ಕೂ ಉಪಯೋಗಕ್ಕೆ ಬರುವ ವಸ್ತುವೆಂದರೆ ಎರಡು ಚಕ್ರದ ಸರಕು ಟ್ರೇಲರ್. ಸೌದೆ, ಜಲ್ಲಿ, ಗೊಬ್ಬರ, ಕ್ಯಾಂಪಿಂಗ್ ಸಾಮಾನು, ಹೀಗೆ ಏನನ್ನು ತುಂಬಿದರೂ ತಡೆದುಕೊಳ್ಳುವ ಗಟ್ಟಿತನ ಅದಕ್ಕಿದೆ. ನಮ್ಮ ಮಲೆನಾಡಿನಲ್ಲೂ ಕೊಡಗಿನಲ್ಲೂ ಮಿಲಿಟರಿ ಡಿಸ್ಪೋಸಲ್ ಜೀಪುಗಳನ್ನು ಕಂಡವರಿಗೆ ಈ ಗಟ್ಟಿತನದ ಪರಿಚಯ ಇದ್ದೇ ಇರುತ್ತದೆ. ಆದರೆ ಈ ಟ್ರೇಲರ್‌ಗಳನ್ನು ಸೇನೆಯ ನಿರ್ದಿಷ್ಟ ವಾಹನಗಳ ಹಿಂದೆ ಓಡುವುದಕ್ಕೆಂದೇ ತಯಾರಿಸಲಾಗಿದೆ. ಕೊಂಡಿ, ವಿದ್ಯುತ್ ವ್ಯವಸ್ಥೆ, ಬ್ರೇಕ್, ಚಕ್ರ, ಈ ನಾಲ್ಕೂ ನಾಗರಿಕ ಪಿಕಪ್‌ಗಿಂತ ಬೇರೆ. ಒಂದೊಂದನ್ನೂ ಸರಿಹೊಂದಿಸಿಕೊಂಡ ಮೇಲೆಯೇ ರಸ್ತೆಗಿಳಿಯಬೇಕು. ಅಮೆರಿಕದಲ್ಲಿ ನೆಲೆಸಿ ಇಂಥದೊಂದು ಟ್ರೇಲರ್ ಕೊಳ್ಳುವ ಯೋಚನೆಯಲ್ಲಿರುವ ಓದುಗರಿಗಾಗಿ ಆ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಟ್ರೇಲರ್?

ಜೀಪಿನ ಹಿಂದೆ ಓಡುತ್ತಿದ್ದ, ಕಾಲು ಟನ್ ಸರಕು ಹೊರುವ ಎಂ416 ಚಿಕ್ಕದು ಮತ್ತು ಹಗುರ. ಸಣ್ಣ ಪಿಕಪ್ ಕೂಡ ಅದನ್ನು ಸಲೀಸಾಗಿ ಎಳೆಯುತ್ತದೆ. ಇನ್ನೊಂದು ತುದಿಯಲ್ಲಿ ಒಂದೂವರೆ ಟನ್‌ನ ಎಂ105 ಇದೆ. ಹರಾಜಿನಲ್ಲಿ ಅದು ಎಷ್ಟೇ ಅಗ್ಗವಾಗಿ ಸಿಕ್ಕರೂ ಸಾಮಾನ್ಯ ಪಿಕಪ್ ಇರುವವರು ಕೊಳ್ಳದಿರುವುದೇ ಒಳ್ಳೆಯದು. ಅದನ್ನು ಎಳೆಯುತ್ತಿದ್ದದ್ದು ಎರಡೂವರೆ ಟನ್‌ನ ಲಾರಿ. ಬ್ರೇಕ್ ಹಿಡಿಯಬೇಕಾದರೆ ಆ ಲಾರಿಯಿಂದ ಒತ್ತಡದ ಗಾಳಿ ಬರಬೇಕು. ನಿಮ್ಮ ಪಿಕಪ್‌ನಲ್ಲಿ ಆ ಗಾಳಿಯ ವ್ಯವಸ್ಥೆ ಇರುವುದಿಲ್ಲ.

ಅರ್ಧ ಟನ್ ವರ್ಗದ, ಅಂದರೆ ಫೋರ್ಡ್ ಎಫ್-150 ಅಥವಾ ಷೆವರ್ಲೆ ಸಿಲ್ವರಾಡೊ 1500ರಂಥ ಪಿಕಪ್‌ಗೆ ಹೊಂದುವುದು ಸೇನೆಯ ಹಮ್‌ವೀ ಎಂಬ ಅಗಲವಾದ ನಾಲ್ಕು ಚಕ್ರದ ವಾಹನಕ್ಕಾಗಿ ತಯಾರಾದ ಎಂ1101 ಮತ್ತು ಎಂ1102. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನ ಸಿಲ್ವರ್ ಈಗಲ್ ಕಂಪನಿ ತಯಾರಿಸಿದ ಇವೆರಡೂ ನೋಡಲು ಹೆಚ್ಚುಕಡಿಮೆ ಒಂದೇ ತೆರನಾಗಿವೆ. ಖಾಲಿ ಇದ್ದಾಗ ತೂಕ ಸುಮಾರು 1,500 ಪೌಂಡ್, ಅಂದರೆ 680 ಕಿಲೋ. ಸರಕೂ ಸೇರಿ ಎಂ1101ರ ಗರಿಷ್ಠ ತೂಕ 3,400 ಪೌಂಡ್ (1,540 ಕಿಲೋ), ಎಂ1102ರದ್ದು 4,200 ಪೌಂಡ್ (1,905 ಕಿಲೋ). ಯಾವುದು ಯಾವುದೆಂದು ತಿಳಿಯಲು ಟ್ರೇಲರ್‌ಗೆ ಜಡಿದಿರುವ ಲೋಹದ ಮಾಹಿತಿ ಫಲಕವನ್ನು ನೋಡಬೇಕು. ಫಲಕ ಕಿತ್ತುಹೋಗಿರುವ ಟ್ರೇಲರ್ ಬೇಡ, ಏಕೆಂದರೆ ನೋಂದಣಿಗೂ ಅದೇ ಆಧಾರ.

ದಾಖಲೆಗಳಲ್ಲಿ ಮುಖ್ಯವಾದದ್ದು ಎಸ್‌ಎಫ್-97. ಸರ್ಕಾರದ ವಾಹನವೊಂದಕ್ಕೆ ರಾಜ್ಯದ ಸಾರಿಗೆ ಇಲಾಖೆಯಿಂದ ಮಾಲೀಕತ್ವದ ಪತ್ರ ಪಡೆಯಲು ಬೇಕಾಗುವ ಪ್ರಮಾಣಪತ್ರ ಇದು. ಇದರಲ್ಲಿರುವ ಕ್ರಮಸಂಖ್ಯೆ ಫಲಕದ ಸಂಖ್ಯೆಯೊಂದಿಗೆ ಅಕ್ಷರಶಃ ಹೊಂದಿಕೆಯಾಗಬೇಕು.

ಕೊಂಡ ದಿನವೇ ಟ್ರೇಲರ್ ಅನ್ನು ಅದರ ಸ್ವಂತ ಚಕ್ರಗಳ ಮೇಲೆ ಮನೆಗೆ ಎಳೆದು ತರುವ ಆತುರ ಬೇಡ. ವರ್ಷಗಟ್ಟಲೆ ಬಯಲಲ್ಲಿ ನಿಂತ ಟೈರು, ಒಣಗಿದ ಗ್ರೀಸು, ಹಿಡಿದುಕೊಂಡ ಬ್ರೇಕು, ಇವುಗಳಲ್ಲಿ ಯಾವುದೂ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಕಾರು ಸಾಗಿಸುವ ಬಾಡಿಗೆಯ ಟ್ರೇಲರ್ ಮೇಲೆ ಹೇರಿಕೊಂಡು ತರುವುದಕ್ಕೆ ಸ್ವಲ್ಪ ಖರ್ಚಾದರೂ ಅದೇ ಸರಿಯಾದ ದಾರಿ.

ಕೊಂಡಿ ಮತ್ತು ಅದರ ಎತ್ತರ

ನಾಗರಿಕ ಟ್ರೇಲರ್‌ಗಳು ಸಾಮಾನ್ಯವಾಗಿ ಉಕ್ಕಿನ ಗುಂಡಿನ ಮೇಲೆ ಕೂರುತ್ತವೆ. ಸೇನೆಯ ಟ್ರೇಲರ್‌ನ ಮೂತಿಯಲ್ಲಿ ಇರುವುದು ಲುನೆಟ್ ಎಂಬ ದಪ್ಪನೆಯ ಉಕ್ಕಿನ ಬಳೆ. ಅದರ ಒಳವ್ಯಾಸ ಸಾಮಾನ್ಯವಾಗಿ ಮೂರು ಇಂಚು. ಅದನ್ನು ಹಿಡಿಯಲು ಪಿಕಪ್‌ನ ಹಿಂದೆ ಪಿಂಟಲ್ ಕೊಕ್ಕೆ ಬೇಕು. ಬಳೆ ಕೆಳದವಡೆಯ ಮೇಲೆ ಕೂತ ನಂತರ ಮೇಲ್ದವಡೆ ಮುಚ್ಚಿಕೊಳ್ಳುತ್ತದೆ, ಅದು ತೆರೆಯದಂತೆ ಅಡ್ಡಲಾಗಿ ಪಿನ್ ಹಾಕಲಾಗುತ್ತದೆ. ಮೂರು ಇಂಚಿನ ಬಳೆಯನ್ನು ಸ್ವೀಕರಿಸುವ ಕೊಕ್ಕೆಯೇ ಎಂದು ಕೊಳ್ಳುವಾಗ ಖಚಿತಪಡಿಸಿಕೊಳ್ಳಿ. ಗುಂಡು ಮತ್ತು ಕೊಕ್ಕೆ ಎರಡೂ ಸೇರಿದ ಜೋಡಿ ಕೊಂಡಿಗಳೂ ಸಿಗುತ್ತವೆ. ಬೇರೆ ಟ್ರೇಲರ್ ಕೂಡ ಇರುವವರಿಗೆ ಅವು ಅನುಕೂಲ.

ಪಿಕಪ್, ಅದರ ಹಿಂಭಾಗದ ಅಡಿಯಲ್ಲಿರುವ ರಿಸೀವರ್ ಎಂಬ ಚೌಕಾಕಾರದ ಉಕ್ಕಿನ ಕೊಳವೆ, ಅದರೊಳಗೆ ಕೂರುವ ಉಕ್ಕಿನ ತಟ್ಟೆ, ಕೊಕ್ಕೆ, ಬಳೆ, ಸರಪಳಿ, ಇವುಗಳಲ್ಲಿ ಪ್ರತಿಯೊಂದಕ್ಕೂ ಭಾರದ ಮಿತಿ ಇರುತ್ತದೆ. ಎಲ್ಲಕ್ಕಿಂತ ಕಡಿಮೆ ಇರುವ ಮಿತಿಯೇ ಇಡೀ ಜೋಡಣೆಯ ಮಿತಿ. ಕೊಕ್ಕೆಯ ಮೇಲೆ 16,000 ಪೌಂಡ್ ಎಂದು ಬರೆದಿದ್ದರೂ ಅದನ್ನು ಹೊತ್ತ ರಿಸೀವರ್‌ನ ಚೀಟಿಯಲ್ಲಿ 5,000 ಎಂದಿದ್ದರೆ ನಿಮಗೆ ಸಿಕ್ಕಿದ್ದು 5,000 ಮಾತ್ರ. ರಿಸೀವರ್‌ನ ಚೀಟಿಯಲ್ಲಿ ಕೆಲವೊಮ್ಮೆ ಎರಡು ಸಂಖ್ಯೆಗಳಿರುತ್ತವೆ. ಭಾರ ಹಂಚುವ ವಿಶೇಷ ಸಲಾಕೆಗಳನ್ನು ಬಳಸಿದಾಗ ಅನ್ವಯಿಸುವ ದೊಡ್ಡ ಸಂಖ್ಯೆಯನ್ನು ಬಿಟ್ಟು, ನೇರ ಭಾರ ಹೊರುವ ಚಿಕ್ಕ ಸಂಖ್ಯೆಯನ್ನೇ ಪರಿಗಣಿಸಬೇಕು.

ಇನ್ನು ಎತ್ತರ. ಟ್ರೇಲರ್ ಅನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು ಅದು ಮಟ್ಟವಾಗುವವರೆಗೆ ಮುಂದಿನ ಊರುಗಾಲನ್ನು ಏರಿಸಿ ಇಳಿಸಿ. ಆಗ ನೆಲದಿಂದ ಬಳೆಯ ಮಧ್ಯಕ್ಕೆ ಎಷ್ಟು ಇಂಚು ಬರುತ್ತದೋ ಅದೇ ಕೊಕ್ಕೆ ಇರಬೇಕಾದ ಎತ್ತರ. ಹಮ್‌ವೀ ಎತ್ತರದ ವಾಹನವಾದ್ದರಿಂದ ಈ ಅಳತೆ ಪಿಕಪ್‌ನ ರಿಸೀವರ್‌ಗಿಂತ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ. ಹೀಗಾಗಿ ಸಾಲಾಗಿ ತೂತುಗಳಿರುವ, ಕೊಕ್ಕೆಯನ್ನು ಮೇಲೆ ಕೆಳಗೆ ಸರಿಸಿ ಬೋಲ್ಟ್ ಬಿಗಿಯಬಹುದಾದ ತಟ್ಟೆಯನ್ನೇ ಆರಿಸಬೇಕು. ಸರಕು ತುಂಬಿದಾಗ ಪಿಕಪ್‌ನ ಹಿಂಭಾಗ ಒಂದೆರಡು ಇಂಚು ತಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂತಿ ಮೇಲೆದ್ದ ಟ್ರೇಲರ್‌ನಲ್ಲಿ ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ, ವೇಗ ಹೆಚ್ಚಿದಂತೆ ಹಿಂಭಾಗ ಅತ್ತಿತ್ತ ತೂಗಲು ಶುರುವಾಗುತ್ತದೆ. ಅದು ಪಿಕಪ್ ಅನ್ನೂ ರಸ್ತೆಯಿಂದ ಆಚೆ ಎಳೆಯಬಲ್ಲುದು.

ಬಳೆ ಮತ್ತು ಕೊಕ್ಕೆಯ ನಡುವೆ ಸಡಿಲ ಇರುವುದು ಸಹಜ. ಹಳ್ಳದಿಣ್ಣೆಗಳಲ್ಲಿ ಟ್ರೇಲರ್ ಎಲ್ಲ ದಿಕ್ಕಿಗೂ ಹೊರಳಲೆಂದೇ ಸೇನೆ ಈ ಕೊಂಡಿಯನ್ನು ಇಟ್ಟುಕೊಂಡಿದೆ. ಡಾಂಬರು ರಸ್ತೆಯಲ್ಲಿ ಆಗಾಗ ಠಣ್ ಎಂಬ ಸದ್ದು ಕೇಳಿದರೆ ಗಾಬರಿ ಬೇಡ. ಆದರೆ ಬಳೆಯ ಒಳಮೈ ಒಂದು ಕಡೆ ತೆಳುವಾಗಿ ಸವೆದಿದ್ದರೆ ಅದನ್ನು ಬದಲಿಸಲೇಬೇಕು. ಸುರಕ್ಷತಾ ಸರಪಳಿಗಳು ಮೂತಿಯ ಕೆಳಗೆ ಒಂದನ್ನೊಂದು ಅಡ್ಡಹಾಯ್ದು ಪಿಕಪ್‌ಗೆ ಸೇರಬೇಕು. ಕೊಂಡಿ ಕಳಚಿದರೆ ಮೂತಿ ನೆಲಕ್ಕೆ ತಿವಿಯದೆ ಸರಪಳಿಯ ಮೇಲೆ ಕೂರಲು ಇದೇ ದಾರಿ. ಸೇನೆಯ ಸರಪಳಿಯ ಕೊಕ್ಕೆಗಳು ಪಿಕಪ್‌ನ ಕಿಂಡಿಗೆ ದೊಡ್ಡವಾದರೆ ಭಾರದ ಮಿತಿ ನಮೂದಿಸಿರುವ ಶ್ಯಾಕಲ್‌ಗಳನ್ನು (ಪಿನ್ ಹಾಕಿ ಮುಚ್ಚುವ ಉಕ್ಕಿನ ಕೊಂಡಿಗಳನ್ನು) ಬಳಸಿ.

ಟೈರು ಮತ್ತು ಚಕ್ರ: ಜೀವದ ಪ್ರಶ್ನೆ

ಹಮ್‌ವೀ ಮಾದರಿಯ ಚಕ್ರ ಒಂದೇ ತುಂಡಿನದಲ್ಲ. ರಿಮ್‌ನ ಎರಡು ಭಾಗಗಳನ್ನು ಸುತ್ತಲೂ ಬೋಲ್ಟ್ ಹಾಕಿ ಜೋಡಿಸಲಾಗಿದೆ. ಎದುರಿನಿಂದ ನೋಡಿದಾಗ ನಟ್ಟುಗಳ ಎರಡು ವೃತ್ತ ಕಾಣುತ್ತವೆ: ಮಧ್ಯದಲ್ಲಿ ಎಂಟು ನಟ್ಟುಗಳು, ಅವುಗಳ ಆಚೆ ಇನ್ನೊಂದು ಸುತ್ತು. ಚಕ್ರ ಬಿಚ್ಚುವಾಗ ಮುಟ್ಟಬೇಕಾದದ್ದು ಮಧ್ಯದ ಎಂಟನ್ನು ಮಾತ್ರ. ಹೊರಸುತ್ತಿನವು ರಿಮ್‌ನ ಎರಡು ಭಾಗಗಳನ್ನು ಹಿಡಿದಿರುವುದರಿಂದ, ಟೈರಿನಲ್ಲಿ ಗಾಳಿ ಇರುವಾಗ ಅವನ್ನು ಸಡಿಲಿಸಿದರೆ ರಿಮ್ ಸಿಡಿದು ಎದುರಿಗಿದ್ದವರ ಪ್ರಾಣ ಹೋಗಬಹುದು. ಟೈರು ಬದಲಿಸಬೇಕಾದಾಗ ವಾಲ್ವ್‌ನ ಒಳತಿರುಳನ್ನೇ ತೆಗೆದು ಗಾಳಿ ಪೂರ್ತಿ ಹೋಗಿದೆಯೆಂದು ಖಚಿತವಾದ ಮೇಲಷ್ಟೇ ಹೊರಸುತ್ತಿಗೆ ಸ್ಪ್ಯಾನರ್ ಹಾಕಬೇಕು. ಈ ಚಕ್ರದ ಪರಿಚಯವಿರುವ ಅಂಗಡಿಗೇ ಆ ಕೆಲಸ ಒಪ್ಪಿಸುವುದು ಇನ್ನೂ ಉತ್ತಮ.

ಇನ್ನೊಂದು ಅಪಾಯ ಅಳತೆಯದು. ಈ ರಿಮ್ 16.5 ಇಂಚಿನದು, ಟೈರಿನ ಗಾತ್ರ 37x12.50ಆರ್16.5. ಪಿಕಪ್‌ಗಳಿಗೆ ಹೇರಳವಾಗಿ ಸಿಗುವ 16 ಇಂಚಿನ ಟೈರನ್ನು ಇದಕ್ಕೆ ಎಂದಿಗೂ ಕೂರಿಸಬಾರದು; ಟೈರಿನ ಅಂಚು ಕೂರುವ ಜಾಗದ ಇಳಿಜಾರೇ ಬೇರೆಯಾದ್ದರಿಂದ ಗಾಳಿ ತುಂಬುವಾಗಲೇ ಅಂಚು ಹರಿದು ಸ್ಫೋಟಿಸುತ್ತದೆ. ಎಂಟು ನಟ್ಟುಗಳು 6.5 ಇಂಚು ವ್ಯಾಸದ ವೃತ್ತದ ಮೇಲೆ ಕೂತಿರುವುದರಿಂದ, ಬೇಕಿದ್ದರೆ ಅದೇ ಅಳತೆಯ ನಾಗರಿಕ ಭಾರೀ ಪಿಕಪ್‌ಗಳ ಒಂದೇ ತುಂಡಿನ ರಿಮ್ಮನ್ನು, ಹಬ್‌ಗೂ (ಚಕ್ರ ಕೂರುವ ನಡುಭಾಗಕ್ಕೂ) ಬ್ರೇಕ್‌ಗೂ ತಗಲುವುದಿಲ್ಲವೆಂದು ನೋಡಿಕೊಂಡು, ಅದಕ್ಕೆ ಹೊಂದುವ ಟೈರಿನೊಡನೆ ಹಾಕಿಕೊಳ್ಳಬಹುದು. ಟೈರಿನ ವಯಸ್ಸನ್ನು ಅದರ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ಹೇಳುತ್ತವೆ: 2309 ಎಂದಿದ್ದರೆ 2009ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈಯ ಅಚ್ಚು ಎಷ್ಟೇ ಆಳವಾಗಿ ಕಂಡರೂ ಪಕ್ಕದ ರಬ್ಬರು ಬಿರುಕು ಬಿಟ್ಟಿದ್ದರೆ ಹೆದ್ದಾರಿಗೆ ಆ ಟೈರು ಬೇಡ. ಹಣ ಖರ್ಚು ಮಾಡುವುದಿದ್ದರೆ ಬಣ್ಣ ಬಳಿಸುವ ಮೊದಲು ಟೈರಿಗೆ ಮಾಡಿ. ಚಕ್ರ ಬಿಚ್ಚಿದಾಗಲೇ ಬೇರಿಂಗ್‌ಗಳನ್ನೂ ತೊಳೆದು, ನೋಡಿ, ಹೊಸ ಗ್ರೀಸ್ ತುಂಬಿಸಿ.

ಬ್ರೇಕ್

ಎಂ1101 ಮತ್ತು ಎಂ1102ರಲ್ಲಿ ಇರುವುದು ಸರ್ಜ್ ಬ್ರೇಕ್. ಪಿಕಪ್ ನಿಧಾನವಾದಾಗ ಹಿಂದಿನ ಟ್ರೇಲರ್ ಮುಂದಕ್ಕೆ ಒತ್ತುತ್ತದೆ. ಆ ಒತ್ತಡವೇ ಮೂತಿಯಲ್ಲಿರುವ, ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನು ಅದುಮಿ ಚಕ್ರಗಳ ಬ್ರೇಕ್ ಹಿಡಿಸುತ್ತದೆ. ಪಿಕಪ್‌ನಿಂದ ತಂತಿಯಾಗಲಿ ಗಾಳಿಯಾಗಲಿ ಬೇಕಿಲ್ಲ. ನಾಗರಿಕ ಬಳಕೆಗೆ ಈ ಟ್ರೇಲರ್ ಹೊಂದಲು ಇದೇ ಮುಖ್ಯ ಕಾರಣ ಎಂದು ಹೇಳಬಹುದು. ಬ್ರೇಕ್ ಎಣ್ಣೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಮೆರಿಕದ ಸೇನೆ ಬಳಸುವುದು ಸಿಲಿಕೋನ್ ಆಧಾರಿತ, ನೇರಳೆ ಬಣ್ಣದ ಡಾಟ್ 5 ಎಣ್ಣೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಡಾಟ್ 3 ಅಥವಾ ಡಾಟ್ 4 ಎಣ್ಣೆಯನ್ನು ಅದರೊಂದಿಗೆ ಬೆರೆಸುವಂತಿಲ್ಲ.

ಹಲವು ರಾಜ್ಯಗಳಲ್ಲಿ ಒಟ್ಟು ತೂಕ 3,000 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಆ ಗಡಿ 1,500 ಪೌಂಡ್. ಹಾಗಾಗಿ ಬ್ರೇಕ್ ಕೆಟ್ಟಿದೆಯೆಂದು ಕಿತ್ತುಹಾಕಿ ಓಡಿಸುವ ಯೋಚನೆಯೇ ಸಲ್ಲದು. ಇಳಿಜಾರಿನಲ್ಲಿ ಮೇಲ್ಮುಖವಾಗಿ ಹಿಂದಕ್ಕೆ ತಳ್ಳುವಾಗಲೂ ಸರ್ಜ್ ಬ್ರೇಕ್ ಹಿಡಿದುಕೊಳ್ಳಬಹುದು ಎಂಬುದು ನೆನಪಿರಲಿ.

ದೀಪಗಳು

ಸೇನೆಯ ವಾಹನಗಳದ್ದು 24 ವೋಲ್ಟ್ ವ್ಯವಸ್ಥೆ, 12 ಪಿನ್‌ಗಳ ದುಂಡನೆಯ ನ್ಯಾಟೊ ಪ್ಲಗ್. ಪಿಕಪ್‌ನದ್ದು 12 ವೋಲ್ಟ್. ಹಾಗೆಯೇ ಜೋಡಿಸಿದರೆ 24 ವೋಲ್ಟ್‌ನ ಬಲ್ಬುಗಳು ಮಂಕಾಗಿ ಉರಿಯುತ್ತವೆ, ಹಿಂದಿನ ಚಾಲಕನಿಗೆ ಬ್ರೇಕ್ ದೀಪ ಕಾಣುವುದೇ ಇಲ್ಲ. ಹಳೆಯ ಬಲ್ಬಿನ ದೀಪಗಳಾದರೆ 1683 ಸಂಖ್ಯೆಯ ಬಲ್ಬಿನ ಜಾಗಕ್ಕೆ 12 ವೋಲ್ಟ್‌ನ 1156 ಹಾಕಿದರೆ ಸಾಕು. ಎಲ್‌ಇಡಿ ದೀಪಗಳಿದ್ದರೆ 12 ವೋಲ್ಟ್‌ನಲ್ಲಿ ಅವು ಪೂರ್ತಿ ಬೆಳಗುತ್ತವೆಯೇ ಎಂದು ಬ್ಯಾಟರಿಗೆ ತಾಗಿಸಿ ನೋಡಿ. ಇಲ್ಲವಾದರೆ ನಾಗರಿಕ ದೀಪಗಳನ್ನೇ ಹಾಕಿಸಿ.

ತಂತಿ ಹುಡುಕುವುದು ಅಂದುಕೊಂಡಷ್ಟು ಕಷ್ಟವಲ್ಲ. ಸೇನೆಯ ತಂತಿಗಳಿಗೆಲ್ಲ ಒಂದೇ ಬಣ್ಣವಿದ್ದರೂ ತುದಿಯಲ್ಲಿ ಸಂಖ್ಯೆ ಕೆತ್ತಿದ ಪುಟ್ಟ ಲೋಹದ ಪಟ್ಟಿ ಸುತ್ತಿರುತ್ತದೆ. 21 ಎಂದರೆ ಹಿಂಬದಿ ದೀಪ, 22-460 ಎಡಗಡೆಯ ಬ್ರೇಕ್ ಮತ್ತು ತಿರುವು, 22-461 ಬಲಗಡೆಯದು, 90 ಅರ್ತ್. ನಾಲ್ಕು ತಂತಿಯ ನಾಗರಿಕ ಪ್ಲಗ್‌ನಲ್ಲಿ ಇವಕ್ಕೆ ಅನುಕ್ರಮವಾಗಿ ಕಂದು, ಹಳದಿ, ಹಸಿರು, ಬಿಳಿ ತಂತಿಗಳು ಹೊಂದುತ್ತವೆ. ಕತ್ತಲಲ್ಲಿ ಶತ್ರುವಿಗೆ ಕಾಣದಂತೆ ಓಡಿಸಲು ಇರುವ 23 ಮತ್ತು 24ನೇ ತಂತಿಗಳು ಬೇಕಿಲ್ಲ. ತುದಿಗೆ ಟೇಪ್ ಸುತ್ತಿಬಿಡಿ. ಅರ್ತ್ ತಂತಿಯನ್ನು ಮಾತ್ರ ತಪ್ಪದೆ ಜೋಡಿಸಬೇಕು. ಸಡಿಲವಾಗಿ ಕುಣಿಯುವ ಕೊಂಡಿಯ ಮೂಲಕವೇ ವಿದ್ಯುತ್ ಮರಳಲಿ ಎಂದು ಬಿಟ್ಟರೆ ದೀಪಗಳು ಮಿಣುಕುತ್ತವೆ.

ಸರಕು, ತೂಕ, ಮೊದಲ ಓಟ

ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬರುವಂತೆ, ಭಾರದ ವಸ್ತುಗಳನ್ನು ಆ್ಯಕ್ಸಲ್‌ನಿಂದ ತುಸು ಮುಂದಕ್ಕೆ ಇಟ್ಟು ಕಟ್ಟಬೇಕು. ಇದನ್ನು ಮನೆಯ ತೂಕದ ಯಂತ್ರದಿಂದಲೇ ಅಳೆಯಬಹುದು. ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಮೂರು ಅಡಿ ದೂರದಲ್ಲಿ ಯಂತ್ರದ ಮೇಲೂ ಇಟ್ಟು, ಇಟ್ಟಿಗೆಯಿಂದ ಒಂದು ಅಡಿಗೆ ಬಳೆಯ ಭಾರ ಬೀಳುವಂತೆ ಮಾಡಿ, ಬಂದ ಸಂಖ್ಯೆಯನ್ನು ಮೂರರಿಂದ ಗುಣಿಸಿ. ಒಟ್ಟು ತೂಕಕ್ಕೆ ಹೆದ್ದಾರಿ ಬದಿಯ ಲಾರಿ ನಿಲ್ದಾಣಗಳ ತೂಕದ ಕಟ್ಟೆಗಳಿವೆ.

ಹಮ್‌ವೀಯ ಜಾಡಿಗೆ ಹೊಂದುವಂತೆ ತಯಾರಾದ ಈ ಟ್ರೇಲರ್ ಪಿಕಪ್‌ಗಿಂತ ಅಗಲ. ಅದರ ಚಕ್ರಗಳು ಪಿಕಪ್‌ನ ಚಕ್ರಗಳಿಗಿಂತ ಎರಡೂ ಬದಿಯಲ್ಲಿ ಸ್ವಲ್ಪ ಹೊರಗೆ ಓಡುತ್ತವೆ. ಕಿರಿದಾದ ಸೇತುವೆ, ಗೇಟುಗಳಲ್ಲಿ ಇದನ್ನು ಮರೆಯುವಂತಿಲ್ಲ. ಉದ್ದ ಚಾಚುವ ಕನ್ನಡಿಗಳನ್ನು ಹಾಕಿಸಿಕೊಳ್ಳಿ. ಟ್ರೇಲರ್ ಎಳೆಯುವ ವಾಹನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿಯ ಮಿತಿಯಿದೆ. ಈ ಟೈರುಗಳಿಗೂ ಅದೇ ವೇಗ ಒಳ್ಳೆಯದು.

ಮೊದಲ ಓಟವನ್ನು ಖಾಲಿ ಟ್ರೇಲರ್‌ನೊಂದಿಗೆ, ವಾಹನ ವಿರಳವಾದ ರಸ್ತೆಯಲ್ಲಿ ಮಾಡಿ. ಹೊರಡುವ ಮುನ್ನ ಊರುಗಾಲು ಮಡಚಿದೆಯೇ, ಪಾರ್ಕಿಂಗ್ ಬ್ರೇಕ್ ಬಿಟ್ಟಿದೆಯೇ, ಕೊಕ್ಕೆಯ ಪಿನ್ ಕೂತಿದೆಯೇ ಎಂದು ಕೈಯಿಂದಲೇ ಮುಟ್ಟಿ ನೋಡಿ. ಹದಿನೈದಿಪ್ಪತ್ತು ಮೈಲಿ ಹೋದ ಮೇಲೆ ನಿಲ್ಲಿಸಿ ಎರಡೂ ಹಬ್‌ಗಳ ಹತ್ತಿರ ಅಂಗೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ, ಮುಟ್ಟಲಾರದಷ್ಟು ಸುಡುತ್ತಿದ್ದರೆ, ಅಥವಾ ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ, ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಐವತ್ತು ಮೈಲಿಯ ನಂತರ ಮಧ್ಯದ ಎಂಟು ನಟ್ಟುಗಳನ್ನು ಬಿಗಿಯ ಪ್ರಮಾಣ ತೋರಿಸುವ ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೊಮ್ಮೆ ಬಿಗಿದು, ಆಮೇಲೆ ಅರ್ಧ ಸರಕು, ಅದರ ನಂತರ ಪೂರ್ತಿ ಸರಕು ತುಂಬಿ.