ಕಾರಿನ ಸ್ಟೀರಿಯೊ ಸದ್ದು ನಿಲ್ಲಿಸಿತೇ? ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ಕಾರಿನ ಸ್ಟೀರಿಯೊ ಇದ್ದಕ್ಕಿದ್ದಂತೆ ಸುಮ್ಮನಾದರೆ ಬಹಳ ಜನ ಮಾಡುವುದು ಒಂದೇ ಕೆಲಸ. ಅದನ್ನು ಕಿತ್ತು ಹೊಸದು ಹಾಕಿಸುತ್ತಾರೆ. ಸ್ವಲ್ಪ ದಿನದಲ್ಲಿ ಹೊಸದೂ ಹಾಗೇ ಮೂಕವಾಗುತ್ತದೆ. ಯಾಕೆಂದರೆ ತೊಂದರೆ ಇದ್ದದ್ದು ಬಾಗಿಲ ಬಳಿಯ ಒಂದು ವೈರಿನಲ್ಲಿ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ, ಅದಕ್ಕೇ ಈ ಲೇಖನ. ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಒಂದು ಪೆನ್‌ಸೆಲ್. ಬಲ್ಬಿನ ಟೆಸ್ಟರ್ ಸಾಲದು. ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಹೆಜ್ಜೆ 1: ಸೆಟ್ಟಿಂಗ್ ನೋಡಿ

ಮ್ಯೂಟ್, ಫೇಡರ್ (ಮುಂದೆ-ಹಿಂದೆ ಸದ್ದು ಹಂಚುವುದು), ಬ್ಯಾಲೆನ್ಸ್ (ಎಡ-ಬಲ ಹಂಚುವುದು), ಫೋನಿನ ವಾಲ್ಯೂಮ್ ನೋಡಿ. ರೇಡಿಯೊ ಹಾಕಿ. ರೇಡಿಯೊ ಕೇಳಿಸಿದರೆ ತೊಂದರೆ ಫೋನ್ ಅಥವಾ ಬ್ಲೂಟೂತ್‌ನದು, ಮುಂದೆ ಓದಬೇಕಿಲ್ಲ.

ಹೆಜ್ಜೆ 2: ಪರದೆ ಹೊತ್ತಿದೆಯೇ?

ಪರದೆಯೇ ಹೊತ್ತದಿದ್ದರೆ ಸಾಮಾನ್ಯವಾಗಿ ಸ್ಟೀರಿಯೊಗೆ ಕರೆಂಟ್ ಬರುತ್ತಿಲ್ಲ. ಫ್ಯೂಸ್ ಎರಡು ಕಡೆ ಇರುತ್ತದೆ: ಒಂದು ಕಾರಿನ ಫ್ಯೂಸ್ ಬಾಕ್ಸ್‌ನಲ್ಲಿ, ಇನ್ನೊಂದು ಸಾಮಾನ್ಯವಾಗಿ ಸ್ಟೀರಿಯೊದ ಬೆನ್ನಿಗೆ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸೂ ಒಳಗೆ ಕಡಿದಿರಬಹುದು, ಆದ್ದರಿಂದ ಮೀಟರ್‌ನಿಂದಲೇ ನೋಡಿ. ಕೆಂಪು ಬಣ್ಣದ್ದು 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟದ್ದು ಎಷ್ಟು ಆಂಪಿಯರಿನದೋ ಅಷ್ಟರದ್ದೇ ಹೊಸದು ಹಾಕಿ. ದೊಡ್ಡ ಫ್ಯೂಸ್ ಹಾಕುವುದು, ಬೆಳ್ಳಿ ಹಾಳೆ ಸುತ್ತುವುದು ಕಾರಿಗೆ ಬೆಂಕಿ ಇಡುವ ಕೆಲಸ. ಹೊಸ ಫ್ಯೂಸೂ ಸುಟ್ಟರೆ ಅಲ್ಲೇ ನಿಲ್ಲಿಸಿ. ಎಲ್ಲೋ ಶಾರ್ಟ್ ಆಗಿದೆ.

ಬ್ಯಾಟರಿ ತೆಗೆದು ಹಾಕಿದ ಮೇಲೆ ಕೆಲವು ಸ್ಟೀರಿಯೊಗಳು ಕೋಡ್ ಕೇಳುತ್ತವೆ. ಅದು ಕಳ್ಳತನ ತಡೆಯುವ ಏರ್ಪಾಡು, ಕೆಟ್ಟಿದೆ ಅಂತಲ್ಲ. ಬ್ಯಾಟರಿ ಬಿಚ್ಚುವ ಮೊದಲೇ ಕೋಡ್ ಹುಡುಕಿ ಇಟ್ಟುಕೊಳ್ಳಿ.

ಹೆಜ್ಜೆ 3: ಪರದೆ ಇದೆ, ಸದ್ದಿಲ್ಲ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಹೋಗೋಣ.

ಒಂದು ಸ್ಪೀಕರ್ ಮಾತ್ರ ಸುಮ್ಮನಿದ್ದರೆ ಆ ಸ್ಪೀಕರ್ ಅಥವಾ ಅದರ ವೈರು ನೋಡಿದರೆ ಸಾಕು. ನಾಲ್ಕೂ ಒಟ್ಟಿಗೆ ನಿಂತಿದ್ದರೆ? ನಾಲ್ಕು ಸ್ಪೀಕರ್ ಒಂದೇ ಗಳಿಗೆಯಲ್ಲಿ ಸಾಯುವುದಿಲ್ಲ, ಅಲ್ವಾ? ನಾಲ್ಕಕ್ಕೂ ಸದ್ದು ಕೊಡುವ ಕಡೆಯೇ ಏನೋ ಆಗಿದೆ.

ಬಹುತೇಕ ಸ್ಟೀರಿಯೊಗಳ ಒಳಗೆ ಒಂದೇ ಚಿಪ್ ನಾಲ್ಕೂ ಸ್ಪೀಕರ್‌ಗಳನ್ನು ನಡೆಸುತ್ತದೆ. ಸ್ಪೀಕರಿನ ಎರಡು ವೈರುಗಳಲ್ಲಿ ಯಾವುದೂ ಅರ್ಥಿಂಗ್ ಅಲ್ಲ. ಸ್ಟೀರಿಯೊ ಆನ್ ಇರುವಾಗ ಎರಡರಲ್ಲೂ ಬ್ಯಾಟರಿ ವೋಲ್ಟೇಜಿನ ಸುಮಾರು ಅರ್ಧ, ಅಂದರೆ 6 ವೋಲ್ಟಿನ ಆಸುಪಾಸು ಇರುತ್ತದೆ. ಆದ್ದರಿಂದ ಮೈನಸ್ ವೈರಾದರೂ ಸರಿ, ಕಾರಿನ ತಗಡಿಗೆ ತಗಲಿದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಬಾಗಿಲಿನ ವೈರು ಸವೆದರೆ ನಾಲ್ಕೂ ಬಾಗಿಲು ಮೂಕವಾಗಬಹುದು. ಹೊಸ ಸ್ಟೀರಿಯೊ ಹಾಕಿದರೂ ಪ್ರಯೋಜನ ಆಗದಿರುವುದು ಇದಕ್ಕೇ. ಸ್ಪೀಕರಿನ ಮೈನಸ್ಸನ್ನು ಕಾರಿನ ತಗಡಿಗೆ ಕೊಟ್ಟು ವೈರು ಉಳಿಸುವ ಹಳೇ ಪದ್ಧತಿಯನ್ನು ಇವತ್ತಿನ ಸ್ಟೀರಿಯೊಗೆ ಯಾವ ಕಾರಣಕ್ಕೂ ಮಾಡಬೇಡಿ.

ಹುಡುಕುವುದು ಹೀಗೆ. ಬ್ಯಾಟರಿಯ ಮೈನಸ್ ಬಿಚ್ಚಿ. ಸ್ಟೀರಿಯೊ ಹೊರಗೆಳೆದು ಹಿಂದಿನ ಕನೆಕ್ಟರ್ ತೆಗೆಯಿರಿ. ಡ್ಯಾಶ್‌ಬೋರ್ಡಿನೊಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಅಂದುಕೊಳ್ಳಿ. ಮುಟ್ಟಬೇಡಿ, ಮೀಟರ್ ಅಂತೂ ಇಡಲೇಬೇಡಿ. ಹೊರಗಿನಿಂದ ಕೊಂಡ ಸ್ಟೀರಿಯೊದ ವೈರಿಂಗ್‌ನಲ್ಲಿ ಬಿಳಿ ಜೋಡಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕಪ್ಪು ಗೆರೆ ಇದ್ದದ್ದು ಮೈನಸ್. ಕಾರಿನ ಜೊತೆ ಬಂದ ವೈರುಗಳ ಬಣ್ಣ ಬೇರೆ ಇರುತ್ತದೆ, ಅದಕ್ಕೆ ಆ ಕಾರಿನ ವೈರಿಂಗ್ ನಕ್ಷೆ ನೋಡಲೇಬೇಕು.

ಮೀಟರನ್ನು ಓಮ್‌ಗೆ (ರೋಧ ಅಳೆಯುವ ಕಡೆಗೆ) ಇಡಿ. ಕಾರಿನ ಕಡೆಯ ಪ್ರತಿ ಜೋಡಿಯ ನಡುವೆ ಅಳೆಯಿರಿ. 4 ಓಮ್ ಸ್ಪೀಕರ್ ಆದರೆ 3ರಿಂದ 4ರ ಒಳಗೆ ಬರಬೇಕು. ಏನೂ ಬರದಿದ್ದರೆ ಎಲ್ಲೋ ಕಡಿದಿದೆ. ಸೊನ್ನೆ ಬಂದರೆ ಎರಡೂ ವೈರು ಒಂದಕ್ಕೊಂದು ತಗಲಿವೆ. ಇಷ್ಟಕ್ಕೇ ನಿಲ್ಲಿಸುತ್ತಾರೆ, ಅದೇ ತಪ್ಪು. ಈಗ ಮೀಟರಿನ ಒಂದು ಕಡ್ಡಿಯನ್ನು ಕಾರಿನ ಬಣ್ಣ ಇಲ್ಲದ ತಗಡಿಗೆ ಹಿಡಿದು, ಇನ್ನೊಂದರಿಂದ ಎಂಟೂ ವೈರುಗಳನ್ನು ಒಂದೊಂದಾಗಿ ಮುಟ್ಟಿ. ಯಾವುದರಲ್ಲೂ ಸಂಪರ್ಕ ತೋರಿಸಬಾರದು. ತೋರಿಸಿದರೆ ಕಳ್ಳ ಸಿಕ್ಕ.

ಅಳೆಯುತ್ತಿರುವಾಗ ಇನ್ನೊಬ್ಬರಿಗೆ ಬಾಗಿಲು ತೆರೆದು ಮುಚ್ಚಲು ಹೇಳಿ. ಬಾಗಿಲು ಮುಚ್ಚಿದಾಗ ಸರಿ, ತೆರೆದಾಗ ಶಾರ್ಟ್, ಇದು ಬಹಳ ಸಾಮಾನ್ಯ. ಕೀಲಿನ ಪಕ್ಕದ ರಬ್ಬರ್ ಕೊಳವೆಯೊಳಗೆ ವೈರು ದಿನಾ ಮಡಚಿ ಮಡಚಿ ಒಡೆಯುತ್ತದೆ. ಅಲ್ಲಿ ಸಿಗದಿದ್ದರೆ ಸೀಟಿನ ಹಳಿ, ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ, ಸ್ಪೀಕರಿನ ಹಿಂಬದಿಯ ಟರ್ಮಿನಲ್ ನೋಡಿ.

ಎಲ್ಲಾ ವೈರು ಸರಿ ಇದ್ದರೆ ಸ್ಟೀರಿಯೊ ಪರೀಕ್ಷೆ. ಬ್ಯಾಟರಿ ಜೋಡಿಸಿ, ಕಾರಿನ ಸ್ಪೀಕರ್‌ಗಳನ್ನೆಲ್ಲ ಬಿಟ್ಟು, ಚೆನ್ನಾಗಿರುವ ಒಂದು ಸ್ಪೀಕರನ್ನು ನೇರ ಸ್ಟೀರಿಯೊದ ಸ್ಪೀಕರ್ ವೈರಿಗೆ ಕೊಡಿ. ಆಗಲೂ ಸದ್ದಿಲ್ಲವೇ? ಮ್ಯೂಟ್ ಎಂದು ಬರೆದ ವೈರು ಕಾರಿನ ತಗಡಿಗೆ ತಗಲಿದೆಯೇ ನೋಡಿ. ತಗಲಿದ್ದರೆ ಕಾಲ್ ಬಂದಿದೆ ಅಂದುಕೊಂಡು ಸ್ಟೀರಿಯೊ ಸುಮ್ಮನಿರುತ್ತದೆ. ಅದೂ ಸರಿ ಇದ್ದರೆ ಮಾತ್ರ ಸ್ಟೀರಿಯೊ ಕೆಟ್ಟಿದೆ ಅನ್ನಿ.

ಹೆಜ್ಜೆ 4: ಬೇರೆ ಆಂಪ್ಲಿಫೈಯರ್ ಇದ್ದರೆ

ಅದರ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಬ್ಯಾಟರಿ ಪಕ್ಕದ ಫ್ಯೂಸ್, ಆಮೇಲೆ ರಿಮೋಟ್ ಟರ್ಮಿನಲ್ (ಆಂಪನ್ನು ಆನ್ ಮಾಡುವ ಸಂಕೇತ ಬರುವ ಜಾಗ) ಅಳೆಯಿರಿ. ನೀಲಿ-ಬಿಳಿ ವೈರಿನಲ್ಲಿ 12 ವೋಲ್ಟ್ ಬರದಿದ್ದರೆ ಆಂಪ್ ಏಳುವುದೇ ಇಲ್ಲ. ಆಂಪಿನ ಅರ್ಥಿಂಗ್ ವೈರು ಬಣ್ಣ ಕೆರೆದ ತಗಡಿಗೆ ಬಿಗಿಯಾಗಿ ಕೂತಿರಬೇಕು. ಸೀಟ್ ಬೆಲ್ಟಿನ ಬೋಲ್ಟಿಗೆ ಸಿಕ್ಕಿಸುವವರಿದ್ದಾರೆ, ದಯವಿಟ್ಟು ಬೇಡ.

ಕೆಂಪು ಪ್ರೊಟೆಕ್ಟ್ ದೀಪ (ತೊಂದರೆ ಕಂಡು ಆಂಪ್ ತನ್ನನ್ನು ನಿಲ್ಲಿಸಿಕೊಂಡಿದೆ ಎಂಬ ಸೂಚನೆ) ಹೊತ್ತಿದ್ದರೆ ಆಫ್ ಮಾಡಿ, ಸ್ಪೀಕರ್ ವೈರು ಪೂರ್ತಿ ಬಿಚ್ಚಿ, ಮತ್ತೆ ಆನ್ ಮಾಡಿ. ದೀಪ ಆರಿದರೆ ತೊಂದರೆ ವೈರು ಅಥವಾ ಸ್ಪೀಕರಿನದು. ಆರದಿದ್ದರೆ ಸ್ಟೀರಿಯೊದಿಂದ ಆಂಪಿಗೆ ಸದ್ದು ತರುವ ಆರ್‌ಸಿಎ ಕೇಬಲನ್ನೂ ತೆಗೆದು ನೋಡಿ. ಆಗಲೂ ಉರಿಯುತ್ತಿದ್ದರೆ, ಅರ್ಥಿಂಗ್ ಮತ್ತು ವೋಲ್ಟ್ ಸರಿ ಇದ್ದರೆ, ಆಂಪ್ ರಿಪೇರಿಗೆ ಹೋಗಬೇಕು.

ಹೆಜ್ಜೆ 5: ಸ್ಪೀಕರ್

ಸ್ಪೀಕರಿನಿಂದ ಎರಡೂ ವೈರು ಬಿಚ್ಚಿ, ಅದರ ಎರಡು ಟರ್ಮಿನಲ್‌ಗಳನ್ನು ಪೆನ್‌ಸೆಲ್‌ನ ಎರಡು ತುದಿಗೆ ಒಂದು ಕ್ಷಣ ತಗಲಿಸಿ. ಟಪ್ ಅಂದರೆ ಜೀವ ಇದೆ.

ಇನ್ನು ಜೋಡಣೆ. ವೈರು ತಿರುಚಿ ಟೇಪ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವೈರನ್ನು ಚುಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಅದಕ್ಕಿಂತ ಕೆಟ್ಟದ್ದು, ಒಳಗಿನ ಎಳೆಗಳನ್ನೇ ಕತ್ತರಿಸುತ್ತದೆ. ಒಳ್ಳೆಯ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ವೈರುಗಳನ್ನು ಒತ್ತಿ ಬಿಗಿಸಿ), ಮೇಲೆ ಬಿಸಿಗೆ ಕುಗ್ಗುವ ಶ್ರಿಂಕ್ ಟ್ಯೂಬ್ ಹಾಕಿ. ಕಾರಿಗೆ ಹೊಂದುವ ಕನೆಕ್ಟರ್ ಸಿಕ್ಕರೆ ಅದನ್ನೇ ಕೊಳ್ಳಿ, ಕಂಪನಿ ವೈರು ಕತ್ತರಿಸಬೇಡಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ವೈರು ಬಾಗಿಲ ಕೀಲಿನ ಜಾಗಕ್ಕೆ ಬರುವುದಿಲ್ಲ, ಬೇಗ ಮುರಿಯುತ್ತದೆ. ಶುದ್ಧ ತಾಮ್ರದ್ದೇ ಇರಲಿ.

ಕೆಲವು ಐಷಾರಾಮಿ ಕಾರುಗಳಲ್ಲಿ ಸ್ಟೀರಿಯೊ, ಆಂಪ್ ಎಲ್ಲವೂ ಆಪ್ಟಿಕಲ್ ಫೈಬರಿನ ಒಂದು ಸುತ್ತಿನಲ್ಲಿ ಕೂಡಿರುತ್ತವೆ. ಅಲ್ಲಿ ಒಂದು ಪೆಟ್ಟಿಗೆ ಕೆಟ್ಟರೆ ಇಡೀ ಸುತ್ತೇ ನಿಲ್ಲಬಹುದು, ಆ ಸುತ್ತಿನಲ್ಲಿ ಮೀಟರ್ ಏನನ್ನೂ ತೋರಿಸುವುದಿಲ್ಲ. ಅಂಥ ಕಾರನ್ನು, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಬಳಿಗೆ ಒಯ್ಯಿರಿ. ಉಳಿದ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮುಚ್ಚುವ ಮುಂಚೆ ಎಂಟೂ ವೈರುಗಳು ಕಾರಿನ ತಗಡಿಗೆ ತಗಲಿಲ್ಲವೆಂದು ಇನ್ನೊಮ್ಮೆ ಅಳೆಯಿರಿ. ಆಮೇಲೆ ವಾಲ್ಯೂಮ್ ಕಡಿಮೆ ಇಟ್ಟು ಆನ್ ಮಾಡಿ.